ಅರಗಿನ ಮನೆ

ನಮ್ಮ ಕಡೆ ಮರ ಇರುವುದು ತಲೆಯ ಮೇಲೆ. ತೊಲೆ, ಜಂತೆ, ಅಟ್ಟದ ಹಲಗೆ. ಕಾಲ ಕೆಳಗೆ ಏನಿದ್ದರೂ ಕಲ್ಲು, ಗಾರೆ, ಇಲ್ಲವೇ ಸಗಣಿ ಸಾರಿಸಿದ ಮಣ್ಣು. ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯಲ್ಲಿ ಅಟ್ಟ ಹತ್ತಿ ಕುಣಿಯುವ ಮೊಮ್ಮಕ್ಕಳಿಗೆ ಕೆಳಗಿನಿಂದ ಬೈಗುಳ ಖಾತರಿ. ಹಲಗೆಯ ಸಂದಿಯಿಂದ ಉದುರಿದ ಧೂಳು ನೇರವಾಗಿ ಊಟಕ್ಕೆ ಕೂತವರ ಎಲೆಗೆ ಬೀಳುತ್ತಿತ್ತು. ಇಂಥ ಹಿನ್ನೆಲೆಯವನಿಗೆ ಪಿಟ್ಸ್‌ಬರ್ಗಿನಲ್ಲಿ ಮನೆ ತೋರಿಸುತ್ತಿದ್ದ ಏಜೆಂಟ್ ಹೆಂಗಸು ಹಾಲಿನ ಮೂಲೆಯಲ್ಲಿ ಮಂಡಿಯೂರಿ, ಕಾರ್ಪೆಟ್ಟಿನ ತುದಿಯನ್ನು ಬೆರಳಲ್ಲಿ ಎತ್ತಿ, 'ಅಡಿಯಲ್ಲಿ ಓಕ್ ಇದೆ, ನೋಡಿ' ಎಂದು ಪಿಸುಗುಟ್ಟಿದಾಗ ಏನನ್ನಿಸಬೇಕು? ಇದ್ದರೆ ಇರಲಿ ಅನ್ನಿಸಿತು. ನನ್ನ ಗಮನವೆಲ್ಲ ಚಾವಣಿಯ ಮೇಲಿನ ನೀರಿನ ಕಲೆಯ ಕಡೆಗಿತ್ತು.

1926ರಲ್ಲಿ ಕಟ್ಟಿದ ಇಟ್ಟಿಗೆ ಮನೆ ಅದು. ಗುಡ್ಡದ ಓರೆಯಲ್ಲಿ ನಿಂತಿದ್ದರಿಂದ ಮುಂದಿನಿಂದ ನೋಡಿದರೆ ಎರಡು ಅಂತಸ್ತು, ಹಿಂದಿನಿಂದ ಮೂರು. ನಮ್ಮ ಜೇಬಿಗೆ ಎಟುಕುವ ಮನೆಗಳೆಲ್ಲ ಹೀಗೇ ನಮ್ಮ ತಾತಂದಿರ ಓರಗೆಯವು. 1978ಕ್ಕಿಂತ ಹಿಂದೆ ಕಟ್ಟಿದ ಮನೆ ಕೊಳ್ಳುವಾಗ, ಗೋಡೆಯ ಬಣ್ಣದಲ್ಲಿ ಸೀಸ ಇದ್ದೀತು ಎಂಬ ಎಚ್ಚರಿಕೆ ಪತ್ರಕ್ಕೂ ಸಹಿ ಹಾಕಬೇಕು. ಹಾಕಿದೆವು. ಸಾಲದ ಕಾಗದಗಳ ಕಟ್ಟಿನ ನಡುವೆ ಸೀಸ ಅಷ್ಟೇನೂ ಭಾರ ಅನ್ನಿಸಲಿಲ್ಲ.

ಕಾರ್ಪೆಟ್ ಕೀಳಬೇಕು ಎಂಬ ಮೊದಲ ಆಜ್ಞೆ ಬಂದದ್ದು ಮೈಸೂರಿನಿಂದ. ಗೃಹಪ್ರವೇಶದ ಹಾಲು ಉಕ್ಕಿಸುವುದನ್ನು ಫೋನಿನಲ್ಲೇ ನೋಡುತ್ತಿದ್ದ ಅಮ್ಮ, ಹಾಲಿಗಿಂತ ಹೆಚ್ಚಾಗಿ ನೆಲವನ್ನೇ ನೋಡುತ್ತಿದ್ದರು ಅಂತ ಕಾಣುತ್ತದೆ. "ಅಲ್ಲ ಕಣೋ, ಮನೆಯೆಲ್ಲ ಕಂಬಳಿ ಹಾಸಿಬಿಟ್ಟಿದ್ದಾರಲ್ಲೋ. ಇದನ್ನ ಒಗೆಯೋದು ಹೇಗೆ?" ಒಗೆಯುವುದಿಲ್ಲ, ಯಂತ್ರದಲ್ಲಿ ಧೂಳು ಹೀರುತ್ತಾರೆ ಎಂದೆ. "ಹಿಂದಿನವರ ಧೂಳೂ ಅದರಲ್ಲೇ ಇರುತ್ತಾ?" ಎಂದರು. ಆ ಪ್ರಶ್ನೆ ಕೇಳಿದ ಮೇಲೆ ನನ್ನ ಹೆಂಡತಿ, ಇವಳು, ಆ ಕಾರ್ಪೆಟ್ಟಿನ ಮೇಲೆ ಬರಿಗಾಲಲ್ಲಿ ನಡೆಯುವುದನ್ನೇ ನಿಲ್ಲಿಸಿದಳು. ಅಮೆರಿಕದ ಹಳೆಯ ಮನೆ ಕೊಂಡವರು ಓಕ್ ಮರದ ಮೇಲಿನ ಮೋಹದಿಂದ ಕಾರ್ಪೆಟ್ ಕೀಳುತ್ತಾರಂತೆ. ನಾವು ಕಿತ್ತದ್ದು ಮೈಲಿಗೆಯ ಕಾರಣಕ್ಕೆ. ಎರಡು ದಾರಿಯೂ ಸೇರುವುದು ಒಂದೇ ಕಡೆ.

ಇಷ್ಟು ಒಳ್ಳೆಯ ನೆಲದ ಮೇಲೆ ಯಾರಾದರೂ ಯಾಕೆ ಕಾರ್ಪೆಟ್ ಹಾಸಿದರು ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಅದರ ಉತ್ತರ ಇರುವುದು ಜಾರ್ಜಿಯಾ ರಾಜ್ಯದ ಡಾಲ್ಟನ್ ಎಂಬ ಊರಿನಲ್ಲಿ. ಅಲ್ಲಿನ ಕ್ಯಾಥರೀನ್ ಇವಾನ್ಸ್ ಎಂಬ ಹುಡುಗಿ ಬಟ್ಟೆಯ ಮೇಲೆ ದಾರದ ಕುಚ್ಚು ಎಬ್ಬಿಸಿ ಹಾಸಿಗೆಯ ಹೊದಿಕೆ ಮಾಡುತ್ತಿದ್ದಳು. 1900ರಲ್ಲಿ ಒಂದನ್ನು ಎರಡೂವರೆ ಡಾಲರಿಗೆ ಮಾರಿದಳು. ನೋಡಿದವರೆಲ್ಲ ಕೇಳತೊಡಗಿದರು, ಊರಿನ ಹೆಂಗಸರೆಲ್ಲ ಕುಚ್ಚು ಎಬ್ಬಿಸತೊಡಗಿದರು. ಮುಂದೆ ಆ ಕೈಚಳಕ ಯಂತ್ರಕ್ಕೆ ಹೋಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಯಂತ್ರಗಳು ಅಗಲವಾಗಿ ಬೆಳೆದು, ಹೊದಿಕೆಯ ಬದಲು ಕಾರ್ಪೆಟ್ ಉಗುಳತೊಡಗಿದವು. ನೇಯ್ದ ಉಣ್ಣೆಯ ಕಾರ್ಪೆಟ್ ಸಿರಿವಂತರ ಸ್ವತ್ತಾಗಿದ್ದ ದೇಶದಲ್ಲಿ ನೈಲಾನ್ ಕಾರ್ಪೆಟ್ ಗುಮಾಸ್ತನ ಮನೆಗೂ ಬಂತು. 1960ರ ದಶಕದಲ್ಲಿ ಗೃಹಸಾಲಕ್ಕೆ ಖಾತರಿ ಕೊಡುವ ಸರ್ಕಾರಿ ಸಂಸ್ಥೆ, ಮರದ ನೆಲದ ಬದಲು ಕಾರ್ಪೆಟ್ ಇದ್ದರೂ ಸರಿ, ಅದರ ಖರ್ಚನ್ನು ಸಾಲದಲ್ಲೇ ಸೇರಿಸಬಹುದು ಎಂದಿತು. ಅಲ್ಲಿಗೆ ಓಕ್ ಬಡವರ ಮನೆಯ ಗುರುತಾಯಿತು. ನೆಲ ಕಾಣುತ್ತಿದೆ ಅಂದರೆ ಕಾರ್ಪೆಟ್ಟಿಗೆ ದುಡ್ಡಿಲ್ಲ ಎಂದರ್ಥ.

ಕೀಳುವ ಕೆಲಸದಲ್ಲಿ ಕಷ್ಟ ಕಾರ್ಪೆಟ್ಟಿನದಲ್ಲ. ಅದನ್ನು ಚಾಕುವಿನಿಂದ ಪಟ್ಟಿಪಟ್ಟಿಯಾಗಿ ಸೀಳಿ ಸುತ್ತಿದರೆ ಎದ್ದುಬರುತ್ತದೆ. ಅಡಿಯಲ್ಲಿದ್ದ ಸ್ಪಂಜಿನ ಹಾಸು ಮಾತ್ರ ಎಂದೋ ಸತ್ತು ಹಳದಿ ಪುಡಿಯಾಗಿ ಕೂತಿತ್ತು. ಆ ಹಾಸನ್ನು ಹಿಡಿದಿಡಲು ಹೊಡೆದ ಸ್ಟೇಪಲ್ ಪಿನ್ನುಗಳು ಗೇಣಿಗೆ ನಾಲ್ಕರಂತೆ ಇಡೀ ಕೋಣೆಯಲ್ಲಿ. ಗೋಡೆಯಂಚಿಗೆ ಸುತ್ತಲೂ ಮೊಳೆಯ ಮೊನೆಗಳು ಮೇಲೆದ್ದ ತೆಳು ಮರದ ಪಟ್ಟಿ. ಕಾರ್ಪೆಟ್ಟನ್ನು ಎಳೆದು ಕಚ್ಚಿಸಿಡುವುದು ಅದರ ಕೆಲಸ. ಮೂಗಿಗೆ ಮಾಸ್ಕ್, ಮಂಡಿಗೆ ಪ್ಯಾಡ್, ಕೈಯಲ್ಲಿ ಇಕ್ಕುಳ. ಪಿನ್ನಿನ ಒಂದು ಕಾಲು ಎದ್ದು ಬಂದರೆ ಇನ್ನೊಂದು ಮರದಲ್ಲೇ ಮುರಿಯುತ್ತದೆ. ಹೊರದೇಶಕ್ಕೆ ಬಂದು ಎಂಜಿನಿಯರ್ ಆದ ಮಗ ನೆಲದ ಮೇಲೆ ತೆವಳುತ್ತ ಮುಳ್ಳು ಕೀಳುತ್ತಿರುವುದನ್ನು ಅಮ್ಮ ಫೋನಿನಲ್ಲಿ ಕಂಡು, ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ತಮ್ಮ ಸೋದರಮಾವನನ್ನು ನೆನೆದುಕೊಂಡರು.

ಬಯಲಾದ ನೆಲದಲ್ಲಿ ಆ ಕಾಲದವರ ಜಂಬ, ಜಿಪುಣತನ ಎರಡೂ ಕಂಡವು. ನೆಂಟರು ಕೂರುವ ಹಾಲಿಗೂ ಊಟದ ಕೋಣೆಗೂ ಒಳ್ಳೆಯ ಓಕ್. ಎರಡೂಕಾಲು ಇಂಚು ಅಗಲದ ಹಲಗೆಗಳು, ಒಂದರ ಅಂಚಿನ ನಾಲಗೆ ಇನ್ನೊಂದರ ಕೊರಕಲಿಗೆ ಕೂತು, ಮೇಲೆ ಒಂದು ಮೊಳೆಯ ತಲೆಯೂ ಕಾಣುವುದಿಲ್ಲ. ಮಹಡಿಯ ಮಲಗುವ ಕೋಣೆಗಳಿಗೆ ಹೋದರೆ ಅಗ್ಗದ ಪೈನ್. ನೆಂಟರು ಮಹಡಿಗೆ ಹೋಗುವುದಿಲ್ಲವಲ್ಲ! ಹಾಲಿನಲ್ಲೇ ಇರುವ ಕೋಟು ತೂಗುಹಾಕುವ ಗೂಡಿನೊಳಗೂ ಪೈನೇ. ಬಾಗಿಲು ಮುಚ್ಚಿದರೆ ಯಾರಿಗೆ ಗೊತ್ತಾಗಬೇಕು. ನಮ್ಮಲ್ಲೂ ಬೀದಿಗೆ ಕಾಣುವ ಗೋಡೆಗೆ ಮಾತ್ರ ಬಣ್ಣ ಹೊಡೆಸುವವರಿಲ್ಲವೇ. ಮನೆ ಕಟ್ಟಿಸಿದ ಆ ಅಪರಿಚಿತನ ಮೇಲೆ ನನಗೆ ಮೊದಲ ಸಲ ಪ್ರೀತಿ ಹುಟ್ಟಿತು.

ಅಡುಗೆಮನೆಯದು ಬೇರೆಯೇ ಕಥೆ. ಅಲ್ಲಿ ಲಿನೋಲಿಯಂ ಅಡಿಯಲ್ಲಿ ಒಂಬತ್ತಿಂಚು ಚೌಕದ ಹಳೆಯ ಟೈಲು, ಅದರಡಿ ಡಾಂಬರಿನಂಥ ಕರಿ ಅಂಟು. ಆ ಅಳತೆಯ ಹಳೆಯ ಟೈಲಿನಲ್ಲಿ ಆಸ್‌ಬೆಸ್ಟಾಸ್ ಇರುವ ಸಂಭವ ಹೆಚ್ಚು. ಚೂರೊಂದನ್ನು ಪ್ರಯೋಗಾಲಯಕ್ಕೆ ಕಳಿಸಿದೆವು, ಇತ್ತು. ಕೆದಕದೆ ಬಿಟ್ಟರೆ ಅಪಾಯವಿಲ್ಲ, ಕೆದಕಿದರೆ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಹೋಗುತ್ತವೆ. ಅದರ ಮೇಲೆ ಹೊಸ ಹಾಸು ಹಾಕಿಸಿ ಕೈ ತೊಳೆದುಕೊಂಡೆವು. ಹಳೆಯದನ್ನೆಲ್ಲ ಬಯಲಿಗೆಳೆಯಬೇಕು ಎಂಬ ಉತ್ಸಾಹಿಗಳಿಗೆ ನಾನು ಮೊದಲು ಹೇಳುವುದು ಈ ಅಡುಗೆಮನೆಯ ಸುದ್ದಿಯನ್ನೇ.

ಈಗ ಅಸಲು ವಿಷಯ. ಹಾಲಿನ ಓಕ್ ಮೇಲೆ ಜೇನುಬಣ್ಣದ ಒಂದು ಲೇಪವಿತ್ತು. ನಡುವೆ ಸವೆದು, ಅಂಚಿನಲ್ಲಿ ದಟ್ಟವಾಗಿ, ಸೋಫಾ ಇದ್ದ ಕಡೆ ಬಿರುಕುಬಿಟ್ಟು. ಅದು ಏನೆಂದು ತಿಳಿಯದೆ ಮುಂದಿನ ಹೆಜ್ಜೆ ಇಡುವಂತಿಲ್ಲ. ಇವಳು ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ಪರೀಕ್ಷೆ ಅಂದರೆ ಅವಳ ಇಲಾಖೆ. ಕಣ್ಣಿಗೆ ಬೀಳದ ಮೂಲೆಯಲ್ಲಿ, ಹತ್ತಿಯ ಉಂಡೆಯನ್ನು ಸ್ಪಿರಿಟ್‌ನಲ್ಲಿ ಅದ್ದಿ ನೆಲಕ್ಕೆ ಒತ್ತಿ ಹಿಡಿದಳು. ವಾರ್ನಿಶ್ ಆಗಿದ್ದರೆ ಸ್ಪಿರಿಟ್‌ಗೆ ಜಗ್ಗುವುದಿಲ್ಲ, ಪಾಲಿಯುರೆಥೇನ್ ಆಗಿದ್ದರೆ ಮಿಸುಕುವುದೂ ಇಲ್ಲ. ಹತ್ತಿಯನ್ನು ಎತ್ತಿದಾಗ ಅದರ ಹೊಟ್ಟೆ ಕಂದುಗೆಂಪಾಗಿತ್ತು, ನೆಲ ಬೆರಳಿಗೆ ಅಂಟಿತು. "ಶೆಲ್ಯಾಕ್ ರೀ" ಎಂದಳು. "ನಾವು ಮಾತ್ರೆಗಳ ಮೇಲೆ ಹಾಕ್ತೀವಲ್ಲ, ಅದೇ. ಅರಗು."

ಅರಗು! ನಾನು ಮಂಡಿಯೂರಿದಲ್ಲೇ ಕೂತುಬಿಟ್ಟೆ. ಅಪ್ಪ ರಿಜಿಸ್ಟರ್ಡ್ ಪಾರ್ಸೆಲ್ಲಿಗೆ ಮೊಂಬತ್ತಿಯ ಉರಿಯಲ್ಲಿ ಕರಗಿಸಿ ಮುದ್ರೆ ಒತ್ತುತ್ತಿದ್ದ ಅರಗು, ಚನ್ನಪಟ್ಟಣದಲ್ಲಿ ತಿರುಗುವ ಬೊಂಬೆಗೆ ಬಣ್ಣದ ಕಡ್ಡಿಯಾಗಿ ಒತ್ತಿದರೆ ಆ ಉಜ್ಜುವ ಬಿಸಿಗೇ ಕರಗಿ ಮೈಗಂಟುವ ಅರಗು, ನಮ್ಮ ಬಡಗಿ ತೇಗದ ಬೀರುವಿಗೆ ಸ್ಪಿರಿಟ್ ಪಾಲಿಶ್ ಎಂದು ಬಟ್ಟೆಯುಂಡೆಯಲ್ಲಿ ತಿಕ್ಕುತ್ತಿದ್ದ ಅರಗು. ಇಂದಿನ ಜಾರ್ಖಂಡ್, ಛತ್ತೀಸ್‌ಗಢದ ಕಾಡಂಚಿನಲ್ಲಿ ಮುತ್ತುಗ, ಬೋರೆ, ಕುಸುಮ್ ಮರಗಳ ಎಳೆರೆಂಬೆಗೆ ಸಾಸಿವೆಗಿಂತ ಸಣ್ಣ ಹುಳುಗಳು ಸಾಲುಗಟ್ಟಿ ಕೂತು ರಸ ಹೀರುತ್ತವೆ, ಮೈಮೇಲೆ ರಾಳ ಒಸರಿಸಿಕೊಳ್ಳುತ್ತವೆ. ರೆಂಬೆ ಕಡಿದು, ರಾಳ ಕೆರೆದು, ತೊಳೆದು, ಉದ್ದನೆಯ ಬಟ್ಟೆಯ ಚೀಲದಲ್ಲಿ ತುಂಬಿ ಇದ್ದಿಲ ಕೆಂಡದ ಮುಂದೆ ಹಿಂಡುತ್ತಾರೆ. ಹಿಂಡಿ ಬಂದ ಬಿಸಿ ಅರಗನ್ನು ಕುಶಲಕರ್ಮಿ ಎರಡು ಕೈ, ಎರಡು ಕಾಲಿನ ಬೆರಳು, ಸಾಲದಿದ್ದರೆ ಹಲ್ಲಿನಲ್ಲೂ ಕಚ್ಚಿ ಹಿಡಿದು, ಪಾರದರ್ಶಕ ಹಾಳೆಯಾಗುವವರೆಗೆ ಎಳೆಯುತ್ತಾನೆ. ಆ ಹಾಳೆ ಮುರಿದ ಚಕ್ಕೆ ಕಲ್ಕತ್ತೆಯಿಂದ ಹಡಗು ಹತ್ತುತ್ತಿತ್ತು. ಕಳೆದ ಶತಮಾನದ ಮೊದಲರ್ಧದಲ್ಲಿ ಗ್ರಾಮಫೋನ್ ತಟ್ಟೆ ಆದದ್ದೂ ಅದೇ, ಅಮೆರಿಕದ ಮನೆಗಳ ನೆಲಕ್ಕೆ ಹೊಳಪು ಕೊಟ್ಟದ್ದೂ ಅದೇ. ಬ್ರಿಟಿಷರ ಕಾಲದಲ್ಲಿ ಅದು ಎಂಥ ವ್ಯಾಪಾರವಾಗಿತ್ತೆಂದರೆ, ಅರಗಿನ ಸಂಶೋಧನೆಗೆಂದೇ 1924ರಲ್ಲಿ ರಾಂಚಿ ಬಳಿಯ ನಾಮ್‌ಕುಮ್‌ನಲ್ಲಿ ಒಂದು ಸಂಸ್ಥೆ ಹುಟ್ಟಿತು. ನಮ್ಮ ಮನೆಗಿಂತ ಎರಡು ವರ್ಷ ಹಿರಿಯ ಸಂಸ್ಥೆ. ಹಸಿರು ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತು ಈ ದೇಶದಲ್ಲಿ ಒಂದು ಸೂರು ಮಾಡಿಕೊಂಡರೆ, ನಮ್ಮ ಕಡೆಯ ಹುಳ ನನಗಿಂತ ಮೊದಲೇ ಬಂದು ನೆಲ ಹಿಡಿದು ಕೂತಿದೆ!

ಸುದ್ದಿ ಕೇಳಿ ಅಮ್ಮನ ಬಾಯಿಂದ ಬಂದದ್ದು ಒಂದೇ ಮಾತು. "ಅರಗಿನ ಮನೆಯಾ? ವಾರಣಾವತದಲ್ಲಿ ಪುರೋಚನ ಕಟ್ಟಿಸಿದ್ದು ಸಾಲದೇನೋ?" ನಾನು ನಕ್ಕೆ. ಇವಳು ನಗಲಿಲ್ಲ. ನೆಲದ ಕೆಲಸದಲ್ಲಿ ಬೆಂಕಿ ಪುರಾಣದ ಮಾತಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ, ಎಣ್ಣೆ ಗಾಳಿಯೊಡನೆ ಕೂಡಿ ಒಣಗುತ್ತ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿ ಹೊರಹೋಗದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನಮ್ಮದೇ ರಾಜ್ಯದ ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರವರಿಯಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡ ಹೊತ್ತಿ ಉರಿದದ್ದು, ಮರಕ್ಕೆ ಪಾಲಿಶ್ ಮಾಡಿ ಬಿಟ್ಟುಹೋದ ಅಂಥ ಬಟ್ಟೆಯಿಂದ. 22ನೇ ಅಂತಸ್ತಿನಲ್ಲಿ ಹುಟ್ಟಿದ ಬೆಂಕಿ 30ನೆಯದರಲ್ಲಿ ನೀರಿನ ಸಿಂಪಡಿಕೆ ಸಿಗುವವರೆಗೆ ನಿಲ್ಲಲಿಲ್ಲ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅರಗಿಗೆ ಆ ಗುಣವಿಲ್ಲ, ಆದರೆ ಅದನ್ನು ಕರಗಿಸುವ ಸ್ಪಿರಿಟ್ಟಿಗೆ ಕಿಡಿಯೊಂದು ಸಾಕು. ಕೆಲಸ ನಡೆಯುವಷ್ಟು ದಿನ ಇವಳು ದೇವರ ದೀಪವನ್ನೂ ಹಚ್ಚಗೊಡಲಿಲ್ಲ. ವಿದುರನೂ ಇಷ್ಟು ಕಟ್ಟುನಿಟ್ಟಾಗಿ ಎಚ್ಚರಿಸಿರಲಾರ.

ನೆಲದ ಕೆಲಸದವರು ಬಂದು ನೋಡಿದರು. ಅವರ ತಂದೆಯೂ ಇದೇ ಕಸುಬಿನವರಂತೆ. ನಾಣ್ಯದ ಅಂಚಿನಿಂದ ಲೇಪ ಕೆರೆದು, ಉಗುಳು ಹಚ್ಚಿ ತಿಕ್ಕಿ, ಮೂಸಿ, ತಕ್ಷಣ ತೀರ್ಪು ಕೊಟ್ಟರು. ದೊಡ್ಡ ಯಂತ್ರದಲ್ಲಿ ಎಲ್ಲ ಉಜ್ಜಿ ತೆಗೆಯೋಣ, ಮೇಲೆ ಪಾಲಿಯುರೆಥೇನ್ ಹೊಡೆಯೋಣ, ಮುಂದಿನ ಇಪ್ಪತ್ತು ವರ್ಷ ನೀವು ಇದನ್ನು ಮರೆತುಬಿಡಬಹುದು. ನ್ಯಾಯವಾದ ಮಾತು. ಮಹಡಿಯ ಪೈನ್‌ಗೆ ಹಾಗೇ ಮಾಡಿಸಿದೆವು, ಯಾಕೆಂದರೆ ಅದರ ಮೇಲೆ ಯಾರೋ ಬಳಿದಿದ್ದ ಕಂದು ಪೇಂಟ್ ಬಿಟ್ಟರೆ ಉಳಿಸಲು ಏನೂ ಇರಲಿಲ್ಲ. ಪೇಂಟಿನಲ್ಲಿ ಸೀಸವಿಲ್ಲವೆಂದು ಮೊದಲು ಪರೀಕ್ಷೆ ಮಾಡಿಸಿ, ಬಾಗಿಲಿಗೆಲ್ಲ ಪ್ಲಾಸ್ಟಿಕ್ ಕಟ್ಟಿ, ಮೂವತ್ತಾರನೇ ನಂಬರಿನ ಒರಟು ಉಪ್ಪುಕಾಗದದಿಂದ ಶುರುಮಾಡಿ ನಯಕ್ಕೆ ಬಂದರು. ಯಂತ್ರದ ಉರುಳೆ ತಿರುಗುತ್ತಿರುವಾಗ ಒಂದು ಗಳಿಗೆ ನಿಂತಲ್ಲೇ ನಿಂತರೆ ನೆಲದಲ್ಲಿ ತಗ್ಗು ಬೀಳುತ್ತದೆ. ಅವರು ಅದನ್ನು ಇಳಿಸುವ ಮೊದಲೇ ನಡೆಯತೊಡಗುತ್ತಿದ್ದರು, ಎತ್ತಿದ ಮೇಲೂ ಎರಡು ಹೆಜ್ಜೆ ನಡೆಯುತ್ತಿದ್ದರು. ನೋಡಲು ಚೆಂದ.

ಹಾಲಿಗೆ ಮಾತ್ರ ನಾನು ಒಪ್ಪಲಿಲ್ಲ. ಮುಕ್ಕಾಲು ಇಂಚಿನ ಹಲಗೆಯಲ್ಲಿ ನಾಲಗೆಯ ಮೇಲೆ ಉಜ್ಜಲು ಸಿಗುವುದು ಹೆಚ್ಚೆಂದರೆ ಕಾಲು ಇಂಚು. ಪ್ರತಿ ಸಲ ಯಂತ್ರ ಓಡಿದಾಗ ಅದರಲ್ಲಿ ಒಂದಿಷ್ಟು ಪುಡಿಯಾಗಿ ಚೀಲಕ್ಕೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಲೆಕ್ಕಕ್ಕಿಂತ ದೊಡ್ಡದು ಬೇರೆಯಿತ್ತು. ಪಾಲಿಯುರೆಥೇನ್ ಒಣಗಿದರೆ ಮುಗಿಯಿತು, ಅದರ ಮೇಲೆ ಹೊಸ ಪದರ ಕೂರಬೇಕಾದರೆ ಹಳೆಯದನ್ನು ಗೀರಿ ಗಾಯ ಮಾಡಬೇಕು. ಅರಗು ಹಾಗಲ್ಲ. ಹೊಸ ಅರಗಿನ ಸ್ಪಿರಿಟ್ ಹಳೆಯ ಅರಗನ್ನು ತುಸು ಕರಗಿಸುತ್ತದೆ, ಎರಡೂ ಸೇರಿ ಒಂದೇ ಪದರವಾಗುತ್ತವೆ. 1926ರ ಲೇಪಕ್ಕೂ ಈಗಿನದಕ್ಕೂ ನಡುವೆ ಗೆರೆ ಎಳೆಯಲು ಬರುವುದಿಲ್ಲ. ನೆಲದವರು ಹೆಗಲು ಕುಣಿಸಿದರು. "ನಿಮ್ಮ ಮನೆ. ಆದರೆ ಅದರ ಮೇಲೆ ಮದ್ಯ ಚೆಲ್ಲಬೇಡಿ" ಎಂದರು. ನಮ್ಮ ಮನೆಯಲ್ಲಿ ಚೆಲ್ಲುವುದೇನಿದ್ದರೂ ಸಾರು ಎಂದೆ.

ನನ್ನ ಹಟಕ್ಕೆ ಕಾರಣ ಇಲ್ಲಿಯದಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಕೆಂಪು ಗಾರೆ ನೆಲವಿತ್ತು. ರೆಡ್ ಆಕ್ಸೈಡ್ ಬೆರೆಸಿ ಕರಣೆಯಲ್ಲಿ ತಿಕ್ಕಿ ತಿಕ್ಕಿ ಮಾಡಿದ್ದು. ಅಮ್ಮ ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಒರೆಸಿದರೆ ಸಂಜೆಯ ದೀಪ ಅದರಲ್ಲಿ ಕಾಣುತ್ತಿತ್ತು. ಹತ್ತು ಹದಿನೈದು ವರ್ಷದ ಹಿಂದೆ ಮನೆ ರಿಪೇರಿಯ ಹೊತ್ತಿಗೆ ಎಲ್ಲರ ಮನೆಯಲ್ಲಿದ್ದ ಹಾಗೆ ವಿಟ್ರಿಫೈಡ್ ಟೈಲ್ಸ್ ಬಂತು. ಟೈಲಿಗೆ ಸಿಮೆಂಟ್ ಹಿಡಿಯಬೇಕೆಂದು ಗಾರೆಯವನು ಚಾಣದಿಂದ ಆ ಕೆಂಪು ನೆಲದುದ್ದಕ್ಕೂ ಕಚ್ಚು ಹೊಡೆದ. ಇವತ್ತು ಆ ಟೈಲನ್ನು ಕಿತ್ತರೆ ಅಡಿಯಲ್ಲಿ ಗಾಯಗಳ ಹೊರತು ಏನೂ ಇಲ್ಲ. ಇಲ್ಲಿನವರು ಅವಮಾನ ಎಂದು ಮುಚ್ಚಿದ ಓಕ್, ಮುಚ್ಚಿದ್ದರಿಂದಲೇ ಬಿಸಿಲು, ಬೂಟು, ಬೆಕ್ಕಿನ ಉಗುರುಗಳಿಂದ ಪಾರಾಯಿತು. ಕಾರ್ಪೆಟ್ಟನ್ನು ಇಷ್ಟು ಬೈದ ಮೇಲೆ ಈ ಒಂದು ಉಪಕಾರವನ್ನಾದರೂ ಒಪ್ಪಿಕೊಳ್ಳದಿದ್ದರೆ ತಪ್ಪಾದೀತು.

ಹಾಲಿನ ಕಿಟಕಿಯ ಬಳಿ ಒಂದಷ್ಟು ಕರಿ ಕಲೆಗಳಿದ್ದವು. ಹೂಕುಂಡದ ನೀರು ಇಳಿದ ಕಡೆ, ಪಿನ್ನಿನ ತೂತಿನ ಸುತ್ತ. ಓಕ್ ಮರದ ಒಗರು ಕಬ್ಬಿಣ ಮತ್ತು ನೀರಿಗೆ ಸಿಕ್ಕಿದರೆ ಶಾಯಿಯಾಗುತ್ತದೆ. ನಮ್ಮ ಹಿರಿಯರು ಅಣಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಕರಿ ಮಾಡಿಕೊಳ್ಳುತ್ತಿದ್ದರಲ್ಲ, ಅದೇ ರಸಾಯನ. ಬಿಸಿನೀರಿನಲ್ಲಿ ಆಕ್ಸಾಲಿಕ್ ಆಮ್ಲದ ಹರಳು ಕರಗಿಸಿ, ಕೈಗವಸು ಹಾಕಿ, ಕಲೆಯ ಮೇಲೆ ಬಳಿದರೆ ಕರಿ ಮೆಲ್ಲಗೆ ಬೂದಿಯಾಗಿ, ಕಂದಾಗಿ, ಕೊನೆಗೆ ಮರದ ಬಣ್ಣಕ್ಕೆ ಮರಳುತ್ತದೆ. ಅದೊಂದು ಮಧ್ಯಾಹ್ನ ಇವಳೂ ನಾನೂ ಮಾತಿಲ್ಲದೆ ನೆಲ ನೋಡುತ್ತ ಕೂತಿದ್ದೆವು, ಕ್ರಿಕೆಟ್ ನೋಡುವವರ ಹಾಗೆ. ಒಂದು ಕಲೆ ಮಾತ್ರ ಹೋಗಲಿಲ್ಲ. ನಾಯಿಯದು ಎಂದರು ನೆಲದವರು. ಅದರ ಮೇಲೆ ಪುಸ್ತಕದ ಬೀರು ಬಂತು. ಜಂಬದ ಪರಂಪರೆಯನ್ನು ನಾವೂ ಮುಂದುವರಿಸಬೇಕಲ್ಲ.

ಅರಗಿನ ಚಕ್ಕೆಯನ್ನು ತರಿಸಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿ, ಅಗಲದ ಬ್ರಷ್ಷಿನಿಂದ ಹಲಗೆಯ ಉದ್ದಕ್ಕೆ ಎಳೆದೆವು. ಎಳೆದಲ್ಲಿ ಮತ್ತೆ ಬ್ರಷ್ ತಿರುಗಿಸುವಂತಿಲ್ಲ, ಅಷ್ಟರಲ್ಲಿ ಅದು ಬಿಗಿಯತೊಡಗಿರುತ್ತದೆ. ತೆಳ್ಳಗೆ, ಬೇಗ, ಹಿಂದೆ ನೋಡದೆ. ಬಿರುಕುಗಳು ಕಣ್ಣೆದುರೇ ಕರಗಿ ಕೂಡಿಕೊಂಡವು. ಓಕ್ ಹಲಗೆಗಳಲ್ಲಿ ಅಲ್ಲಲ್ಲಿ, ದಿಮ್ಮಿಯನ್ನು ತಿರುಳಿನತ್ತ ಸೀಳಿ ತೆಗೆದವುಗಳಲ್ಲಿ, ಅಡ್ಡಡ್ಡ ಬೆಳ್ಳಿಯ ಮಿಂಚು ಇರುತ್ತದೆ. ಅದು ಒಣ ನೆಲದಲ್ಲಿ ಕಂಡಿರಲಿಲ್ಲ, ಅರಗು ಬಿದ್ದೊಡನೆ ಎದ್ದಿತು.

ಮುಂದಿನ ಚಳಿಗಾಲಕ್ಕೆ ಅಮ್ಮ ಬಂದರು. ನೆಲಕ್ಕೆ ನೀರು ಹೊಯ್ದು ತೊಳೆಯುವಂತಿಲ್ಲ, ಹಿಂಡಿದ ಬಟ್ಟೆಯಲ್ಲಿ ಒರೆಸಬೇಕಷ್ಟೆ ಎಂದಾಗ ಅವರ ಮುಖ ನೋಡಬೇಕಿತ್ತು. ಹುಳದ ಎಂಜಲಿನಿಂದ ಮಾಡಿದ ಲೇಪ ಎಂದು ಇವಳು ಸಂಕೋಚದಿಂದಲೇ ಬಾಯಿಬಿಟ್ಟಳು, ದೇವರ ಮಂಟಪ ಅದೇ ಹಾಲಿನಲ್ಲಿತ್ತು. "ಮಡಿಗೆ ಉಡೋ ರೇಷ್ಮೆ ಎಲ್ಲಿಂದ ಬಂತಮ್ಮಾ?" ಎಂದು ಅಮ್ಮ ಕೇಳಿದರು, ಅಲ್ಲಿಗೆ ಆ ವಿಚಾರ ಮುಗಿಯಿತು. ಬಿಸಿ ಕಾಫಿ ಲೋಟ ನೇರವಾಗಿ ನೆಲದ ಮೇಲಿಟ್ಟು ಪೇಪರ್ ಓದುವ ಅಭ್ಯಾಸ ಮಾತ್ರ ಅವರು ಬಿಡಲಿಲ್ಲ. ಅರಗಿಗೆ ಬಿಸಿಯೂ ಆಗದು, ತೇವವೂ ಆಗದು, ಬಿಳಿ ಉಂಗುರ ಏಳುತ್ತದೆ. ಸ್ಪಿರಿಟ್ಟಿನಲ್ಲಿ ತುಸುವೇ ಒದ್ದೆ ಮಾಡಿದ ಬಟ್ಟೆಯನ್ನು ಮೇಲಿಂದ ಮೇಲೆ ಆಡಿಸಿದರೆ ಹೋಗುತ್ತದೆ. ಅಮ್ಮ ಇದ್ದಷ್ಟು ದಿನ ನನ್ನ ಸಂಜೆಯ ಕೆಲಸ ಅದೇ.

ಜನವರಿಯಲ್ಲಿ ಹೀಟರ್ ಓಡಿ ಮನೆಯ ಗಾಳಿ ಒಣಗಿದಾಗ ಹಲಗೆಗಳು ಕುಗ್ಗುತ್ತವೆ, ನಡುವೆ ಸಂದಿ ಬಿಡುತ್ತವೆ. ಊಟದ ಕೋಣೆಯಲ್ಲೇ ಇಂಡಕ್ಷನ್ ಒಲೆ ಇಟ್ಟು ಒಗ್ಗರಣೆ ಹಾಕುವ ಅಮ್ಮನಿಗೆ ಸಿಡಿದ ಸಾಸಿವೆಯೆಲ್ಲ ಆ ಸಂದಿಗೆ ಹೋಗುವುದು ಕಂಡಿತು. ಮರದ ಪುಡಿ ಗೋಂದು ಕಲೆಸಿ ಸಂದಿ ಮುಚ್ಚಿಸು ಎಂದರು. ನೆಲದವರಿಗೆ ಫೋನ್ ಮಾಡಿದೆ. ಬೇಡ, ಜುಲೈನ ಸೆಕೆಗೆ ಹಲಗೆ ಉಬ್ಬಿ ಹಾಗೆ ತುಂಬಿದ್ದನ್ನೆಲ್ಲ ಹೊರಗೆ ನೂಕುತ್ತದೆ, ಸಂದಿ ತಾನೇ ಮುಚ್ಚಿಕೊಳ್ಳುತ್ತದೆ ಎಂದರು. ಅಮ್ಮನಿಗೆ ಹೇಳಿದೆ.

"ಹಾಗಾದರೆ ಜುಲೈನಲ್ಲಿ ನನ್ನ ಸಾಸಿವೆನೂ ವಾಪಸ್ ಬರುತ್ತಾ?" ಎಂದು ಕೇಳಿ, ಊರಿನಿಂದ ತಂದಿದ್ದ ಪೊರಕೆಯಿಂದ ಒಂದು ಕಡ್ಡಿ ಎಳೆದುಕೊಂಡು, ಸಂದಿಯ ಮುಂದೆ ಕೂತರು.